ಅಮೆರಿಕದಲ್ಲಿ ಎಲ್ಲಿ ನೆಲೆಸೋದು? ಬೇ ಏರಿಯಾ, ಸಿಯಾಟಲ್, ಡಲ್ಲಾಸ್, ಕ್ಯಾರಿ, ನ್ಯೂಜೆರ್ಸಿ: ಒಂದು ಹೋಲಿಕೆ

ಅಮೆರಿಕದಲ್ಲಿ ಯಾವ ಊರು ಒಳ್ಳೆಯದು ಅಂತ ಯಾವುದಾದರೂ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿ ನೋಡಿ. ಎಲ್ಲರೂ ತಾವಿರುವ ಊರಿನ ಹೆಸರನ್ನೇ ಹೇಳುತ್ತಾರೆ. ಮನೆ ಕೊಂಡವರು ಇನ್ನೂ ಜೋರಾಗಿ ಹೇಳುತ್ತಾರೆ. ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕಿದವರು ಬೇರೆ ಏನು ತಾನೇ ಹೇಳಿಯಾರು? ನಾನೂ ಅದೇ ಗುಂಪಿನವನು. ಮೊದಲು ನ್ಯೂಜೆರ್ಸಿಯಲ್ಲಿ ಬಾಡಿಗೆಗಿದ್ದೆ, ಈಗ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಹಾಗಾಗಿ ಕ್ಯಾರಿಯನ್ನು ಹೊಗಳಿದ ಕಡೆ ನಾಲ್ಕಾಣೆ ಕಳೆದು ಓದಿಕೊಳ್ಳಿ.

ನಮ್ಮವರು ಜಾಸ್ತಿ ಹೋಗಿ ಸೇರುವ ಐದು ಕಡೆಗಳನ್ನು ಇಲ್ಲಿ ಎದುರು ಬದುರು ಇಟ್ಟು ನೋಡಿದ್ದೇನೆ. ಉಳಿದ ಕೆಲವನ್ನು ಒಂದೆರಡು ಮಾತಿನಲ್ಲಿ ಮುಗಿಸಿದ್ದೇನೆ.

ಮೊದಲು ವೀಸಾ ನೋಡಿ, ಆಮೇಲೆ ಮ್ಯಾಪ್

ಊರಿನ ಮಾತು ಬಂದ ಕೂಡಲೇ ನಾವು ಮನೆ ಬೆಲೆ, ಶಾಲೆ, ಹವಾಮಾನ ಅಂತ ಶುರು ಮಾಡುತ್ತೇವೆ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು, ನಿಮ್ಮ ಕೈಯಲ್ಲಿರುವ ಕಾಗದ ಯಾವುದು ಅಂತ.

ಕಂಪನಿ ಹೆಸರಿನಲ್ಲಿ ಸಿಗುವ ತಾತ್ಕಾಲಿಕ ಕೆಲಸದ ವೀಸಾ ಎಚ್-1ಬಿ ಮೇಲಿದ್ದರೆ, ಕೆಲಸ ಹೋದ ದಿನದಿಂದ ನಿಮಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು. ಇಲ್ಲ, ವೀಸಾ ಬಗೆ ಬದಲಿಸಿಕೊಳ್ಳಬೇಕು. ಇಲ್ಲ, ಊರಿಗೆ ಹೊರಡಬೇಕು. ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ 7%ರ ಮಿತಿ ಇದೆ. ಹಾಗಾಗಿ ಭಾರತದಲ್ಲಿ ಹುಟ್ಟಿದ ಐಟಿಯವರ ಸಾಲು ಹತ್ತು ವರ್ಷ ದಾಟಿ ನಿಂತಿದೆ. ಅಷ್ಟು ವರ್ಷದಲ್ಲಿ ಒಮ್ಮೆಯಾದರೂ ಲೇಆಫ್ ಗಾಳಿ ಬೀಸುತ್ತದೆ ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ.

ಆದ್ದರಿಂದ ವೀಸಾ ಮೇಲಿರುವವರಿಗೆ ನಾನು ಹೇಳುವುದು ಇಷ್ಟು. ಈಗಿನ ಕೆಲಸ ಎಲ್ಲಿದೆ ಅನ್ನುವುದು ದೊಡ್ಡ ವಿಷಯ ಅಲ್ಲ. ಮುಂದಿನ ಕೆಲಸ ಮನೆ ಮಾರದೆ, ಮಗುವಿನ ಶಾಲೆ ಬದಲಿಸದೆ ಅದೇ ಊರಲ್ಲಿ ಸಿಗುತ್ತಾ? ಅದನ್ನು ನೋಡಿ ಊರು ಆರಿಸಿ. ಮನೆ ಬೆಲೆ ಎರಡನೆಯದು.

ಇನ್ನೊಂದು ಮಾತು. ನಿಮ್ಮ ಕಂಪನಿ 'ಎಲ್ಲಿ ಬೇಕಾದರೂ ಇದ್ದು ಕೆಲಸ ಮಾಡಿ' ಅಂತ ಒಪ್ಪಿದರೂ ಸುಮ್ನೆ ಗಂಟುಮೂಟೆ ಕಟ್ಟುವ ಹಾಗಿಲ್ಲ. ಎಚ್-1ಬಿ ಕೆಲಸದ ಜಾಗಕ್ಕೂ ಅಂಟಿಕೊಂಡಿರುತ್ತದೆ. ಒಂದು ಮಹಾನಗರದ ವ್ಯಾಪ್ತಿ ಬಿಟ್ಟು ಇನ್ನೊಂದಕ್ಕೆ ಹೋದರೆ, ಹೋಗುವ ಮುಂಚೆಯೇ ತಿದ್ದುಪಡಿ ಅರ್ಜಿ ಹಾಕಿಸಬೇಕು. ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಪರ್ಮ್ ಕೂಡ ಒಂದು ಜಾಗದ ಕೆಲಸಕ್ಕೇ ಆಗಿರುತ್ತದೆ. ಊರು ಬದಲಾದರೆ ಅದನ್ನು ಮತ್ತೆ ಮಾಡಿಸಬೇಕಾಗಬಹುದು. ಅದರ ಮುಂದಿನ ಹೆಜ್ಜೆಯಾದ ಐ-140 ಅರ್ಜಿ ಒಪ್ಪಿಗೆ ಆಗಿದ್ದರೆ ಸಾಮಾನ್ಯವಾಗಿ ಸಾಲಿನಲ್ಲಿರುವ ನಿಮ್ಮ ತಾರೀಖು ಉಳಿಯುತ್ತದೆ, ಅದೊಂದು ಸಮಾಧಾನ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ವಕೀಲರಿಗೆ ಒಂದು ಮೇಲ್ ಹಾಕಿ.

ಗ್ರೀನ್ ಕಾರ್ಡ್ ಬಂದಿದ್ದರೆ ಈ ತಲೆನೋವಿಲ್ಲ. ಆಗ ತೆರಿಗೆ, ಮನೆ, ಕಾಲೇಜು, ಅಪ್ಪ ಅಮ್ಮ, ಇವೆಲ್ಲ ಮುಂದಕ್ಕೆ ಬರುತ್ತವೆ.

ಬೇ ಏರಿಯಾ: ಕೆಲಸ ಹೋದರೆ ಇದೇ ಊರು, ಮನೆ ಕೊಳ್ಳೋಕೆ ಬೇರೆ ಊರು

ಮುಂದಿನ ಕೆಲಸದ ಮಾತಿಗೆ ಬಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಸಾಟಿ ಇಲ್ಲ. ಸನ್ನಿವೇಲ್, ಸಾಂತಾ ಕ್ಲಾರಾ, ಸ್ಯಾನ್ ಹೋಸೆ, ಫ್ರೀಮಾಂಟ್, ಎಲ್ಲ ಒಂದು ಗಂಟೆಯ ಡ್ರೈವಿನೊಳಗೆ. ದೊಡ್ಡ ಕಂಪನಿ ಬಿಟ್ಟರೆ ಚಿಪ್ ಕಂಪನಿ, ಅದು ಬಿಟ್ಟರೆ ಸ್ಟಾರ್ಟಪ್. ಜೊತೆಗೆ, ಕೆಲಸ ಬಿಟ್ಟವರು ಎದುರಾಳಿ ಕಂಪನಿ ಸೇರಬಾರದು ಅಂತ ಬರೆಸಿಕೊಳ್ಳುವ ಕರಾರು ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ. ಅಲ್ಲಿನ ಕಾನೂನು 1872ರಿಂದಲೂ ಅದನ್ನು ಒಪ್ಪಿಲ್ಲ. ಸಿಲಿಕಾನ್ ಕಣಿವೆ ಬೆಳೆದದ್ದಕ್ಕೆ ಇದೂ ಒಂದು ಕಾರಣ ಅಂತ ಹೇಳುವವರಿದ್ದಾರೆ.

ಬೆಲೆ ಮಾತ್ರ ಕೇಳಬೇಡಿ. ಸಾಂತಾ ಕ್ಲಾರಾ ಕೌಂಟಿಯಲ್ಲಿ 1960ರ ಕಾಲದ, ಮೂರು ಕೋಣೆಯ, ಒಂದೇ ಅಂತಸ್ತಿನ ಹಳೇ ಮನೆಗೆ 15ರಿಂದ 20 ಲಕ್ಷ ಡಾಲರ್. ರಾಜ್ಯದ ಆದಾಯ ತೆರಿಗೆ ದೇಶದಲ್ಲೇ ಮೇಲಿನ ಸಾಲಿನದು, ತುದಿಯ ದರ 13.3%. ಇದರ ಇನ್ನೊಂದು ಮುಖ ಪ್ರೊಪೊಸಿಷನ್ 13, ಅಂದರೆ 1978ರಲ್ಲಿ ಜನರೇ ಮತ ಹಾಕಿ ತಂದ ಮನೆ ತೆರಿಗೆಯ ಕಾನೂನು. ಪ್ರಾಪರ್ಟಿ ಟ್ಯಾಕ್ಸಿನ ಮೂಲ ದರ 1%. ನಿಮ್ಮ ಮನೆಯ ತೆರಿಗೆ ಲೆಕ್ಕದ ಬೆಲೆಯನ್ನು ವರ್ಷಕ್ಕೆ 2%ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ಅಂದರೆ ಹಿಂದೆ ಬಂದು ಕೊಂಡವರು ಆರಾಮ. ಅದೇ ಬೀದಿಯಲ್ಲಿ ಇಂದು ಕೊಂಡವರು ಅವರ ಮೂರು ನಾಲ್ಕು ಪಟ್ಟು ತೆರಿಗೆ ಕಟ್ಟುತ್ತಾ ಪಕ್ಕದಲ್ಲೇ ಇರುತ್ತಾರೆ.

ಹವೆಗೆ ಪೂರ್ತಿ ಅಂಕ. ಬೆಂಗಳೂರಿನವರಿಗೆ ಇದಕ್ಕಿಂತ ಹತ್ತಿರದ ಹವೆ ಅಮೆರಿಕದಲ್ಲಿ ಸಿಗುವುದು ಕಷ್ಟ. ಆದರೆ ಭೂಕಂಪಕ್ಕೆ ಕಾರಣವಾಗುವ ಹೇವರ್ಡ್ ಅನ್ನುವ ನೆಲದ ಬಿರುಕು ಫ್ರೀಮಾಂಟ್ ಊರಿನ ಅಡಿಯಲ್ಲೇ ಹಾದುಹೋಗುತ್ತದೆ. ಮಾಮೂಲಿ ಮನೆ ವಿಮೆಯಲ್ಲಿ ಭೂಕಂಪ ಸೇರುವುದಿಲ್ಲ, ಬೇರೆ ಪಾಲಿಸಿ ಬೇಕು. ಬೆಟ್ಟದ ಬದಿಯ ಮನೆ ಆಸೆಪಡುವವರು ಮೊದಲು ವಿಮೆ ಸಿಗುತ್ತಾ ಅಂತ ವಿಚಾರಿಸಲಿ. ಕಾಡ್ಗಿಚ್ಚಿನ ಭಯಕ್ಕೆ ದೊಡ್ಡ ವಿಮಾ ಕಂಪನಿಗಳೇ 2023ರಲ್ಲಿ ಅಲ್ಲಿ ಹೊಸ ಮನೆ ಪಾಲಿಸಿ ಬರೆಯುವುದನ್ನು ನಿಲ್ಲಿಸಿದ್ದವು.

ಕಡಿಮೆಗೆ ಸಿಗುತ್ತದೆ ಅಂತ ಟ್ರೇಸಿ, ಮೌಂಟನ್ ಹೌಸ್ ಕಡೆ ಮನೆ ತೆಗೆದವರು ಬಹಳ ಜನ ಇದ್ದಾರೆ. ಮನೆಯಿಂದ ಕೆಲಸ ಇದ್ದಾಗ ಅದು ಸರಿ ಇತ್ತು. ವಾರಕ್ಕೆ ಮೂರು ನಾಲ್ಕು ದಿನ ಆಫೀಸಿಗೆ ಬನ್ನಿ ಅಂದ ಮೇಲೆ 580 ಹೆದ್ದಾರಿಯ ಆಲ್ಟಮಾಂಟ್ ಏರಿನಲ್ಲಿ ಬೆಳಿಗ್ಗೆ ಐದಕ್ಕೇ ಕಾರುಗಳ ಸಾಲು.

ನನ್ನ ತೀರ್ಪು: ವೀಸಾ ಮೇಲಿದ್ದು, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಬೇ ಏರಿಯಾದಲ್ಲಿ ಬಾಡಿಗೆಗಿರಿ. ಬಾಡಿಗೆ ಕೊಟ್ಟರೆ ದುಡ್ಡು ನೀರಿಗೆ ಹಾಕಿದ ಹಾಗೆ ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ. ಅಲ್ಲಿ ಎಷ್ಟೋ ಮನೆಗಳ ಸಾಲದ ಬಡ್ಡಿಯೇ ಬಾಡಿಗೆಗಿಂತ ಜಾಸ್ತಿ.

ಸಿಯಾಟಲ್: ಸಂಬಳ ಪೂರ್ತಿ ಕೈಗೆ, ಸೂರ್ಯ ಅರ್ಧ ವರ್ಷ

ವಾಷಿಂಗ್ಟನ್ ರಾಜ್ಯ ಸಂಬಳದ ಮೇಲೆ ತೆರಿಗೆ ಹಾಕುತ್ತಿಲ್ಲ. ದೊಡ್ಡ ಮೊತ್ತದ ಷೇರು ಲಾಭದ ಮೇಲೆ ಮಾತ್ರ 2022ರಿಂದ ತೆರಿಗೆ ಬಂದಿದೆ. ಬೆಲ್ವ್ಯೂ, ರೆಡ್ಮಂಡ್, ಸಮಾಮಿಶ್, ಬಾಥೆಲ್ ಕಡೆ ನಮ್ಮವರು ತುಂಬಾ ಇದ್ದಾರೆ. ಶಾಲೆಗಳು ಚೆನ್ನಾಗಿವೆ. ಮನೆ ಬೆಲೆ ಬೇ ಏರಿಯಾದ ತಮ್ಮ ಅನ್ನಬಹುದು.

ಮಳೆಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ವರ್ಷದ ಒಟ್ಟು ಮಳೆ ನೋಡಿದರೆ ಸಿಯಾಟಲ್‌ಗೂ ಬೆಂಗಳೂರಿಗೂ ಅಂಥ ವ್ಯತ್ಯಾಸ ಇಲ್ಲ, ಎರಡೂ ಕಡೆ ಸಾವಿರ ಮಿಲಿಮೀಟರ್ ಆಸುಪಾಸು. ಬೆಂಗಳೂರಿನದು ಸಂಜೆ ಸುರಿದು ಹೋಗುವ ಮಳೆ. ಇಲ್ಲಿನದು ನವೆಂಬರಿನಿಂದ ಮಾರ್ಚ್‌ವರೆಗೆ ಬಿಡದ ಜಿಟಿಜಿಟಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬೆಳಕಾಗಿ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ ಮುಳುಗುತ್ತಾನೆ. ಮಳೆಗಿಂತ ಈ ಕತ್ತಲೆಯೇ ಕೆಲವರನ್ನು ಓಡಿಸುವುದು. ಜುಲೈ, ಆಗಸ್ಟಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು, ದೂರದಲ್ಲಿ ಮೌಂಟ್ ರೇನಿಯರ್. ಆಗ ನೋಡಿದವರು ಮನೆ ಕೊಂಡೇ ತೀರುತ್ತಾರೆ!

ನನಗೆ ಇಲ್ಲಿ ಅಳುಕು ಬೇರೆ. ಈ ಊರು ಎರಡು ದೊಡ್ಡ ಕಂಪನಿಗಳ ಮೇಲೆ ಜಾಸ್ತಿ ನಿಂತಿದೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಹುದ್ದೆಗಳನ್ನು ತೆಗೆಯುವುದಾಗಿ ಹೇಳಿದವು. ಇಡೀ ಪ್ರಪಂಚದ ಲೆಕ್ಕ ಅದು, ನಿಜ. ಆದರೂ ಒಂದೇ ತಿಂಗಳಲ್ಲಿ ಒಂದೇ ಊರಿನ ಅಷ್ಟೊಂದು ಜನ ಅದೇ ನಾಲ್ಕು ಕಂಪನಿಗಳ ಬಾಗಿಲು ತಟ್ಟಿದರೆ 60 ದಿನ ಏನಕ್ಕೂ ಸಾಲುವುದಿಲ್ಲ.

ಡಲ್ಲಾಸೋ, ಕ್ಯಾರಿಯೋ?

ಕ್ಯಾಲಿಫೋರ್ನಿಯಾದ ಬೆಲೆ ಕಂಡು ಹೊರಟವರು ಕೊನೆಗೆ ಬಂದು ನಿಲ್ಲುವುದು ಸಾಮಾನ್ಯವಾಗಿ ಈ ಎರಡರ ನಡುವೆ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ಡಲ್ಲಾಸ್ ಅಂದರೆ ನಮ್ಮವರಿಗೆ ಡಲ್ಲಾಸ್ ಅಲ್ಲ. ಇರ್ವಿಂಗ್, ಕಪೆಲ್, ಪ್ಲೇನೋ, ಫ್ರಿಸ್ಕೋ, ಅಲ್ಲಿಂದ ಉತ್ತರಕ್ಕೆ ಪ್ರಾಸ್ಪರ್, ಸೆಲೈನಾ. ಕ್ಯಾರಿಯ ಜೊತೆಗೆ ಮಾರಿಸ್‌ವಿಲ್, ಏಪೆಕ್ಸ್ ಬರುತ್ತವೆ. ಪಕ್ಕದಲ್ಲೇ 1959ರಲ್ಲಿ ಶುರುವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್.

ಮೊದಲು ತೆರಿಗೆ. ಟೆಕ್ಸಸ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ ಅನ್ನುವ ಒಂದೇ ಮಾತಿಗೆ ಮರುಳಾಗಬೇಡಿ, ಪೆನ್ನು ಹಿಡಿಯಿರಿ. ಮನೆಯ ಒಟ್ಟು ಸಂಬಳ ವರ್ಷಕ್ಕೆ 1.5 ಲಕ್ಷ ಡಾಲರ್, ಮನೆ ಬೆಲೆ 6 ಲಕ್ಷ ಅಂತ ಇಟ್ಟುಕೊಳ್ಳೋಣ.

ನಾರ್ತ್ ಕ್ಯಾರೊಲೈನಾದಲ್ಲಿ ಎಲ್ಲರಿಗೂ ಒಂದೇ ದರ. 2025ರಲ್ಲಿ 4.25%, 2026ಕ್ಕೆ 3.99%. ದಂಪತಿಗೆ ಸಿಗುವ ಕಡಿತ ಕಳೆದರೆ ಆದಾಯ ತೆರಿಗೆ 5,000 ಡಾಲರ್ ಚಿಲ್ಲರೆ. ಕ್ಯಾರಿಯಲ್ಲಿ ಊರು, ಕೌಂಟಿ ಸೇರಿ ಪ್ರಾಪರ್ಟಿ ಟ್ಯಾಕ್ಸ್ 0.85% ಆಸುಪಾಸು. ಅದೂ 5,000 ಚಿಲ್ಲರೆ. ಒಟ್ಟು 10,000ದ ಹತ್ತಿರ. ಇದರ ಮೇಲೆ ಕಾರುಗಳಿಗೂ ವರ್ಷ ವರ್ಷ ತೆರಿಗೆ ಇದೆ. ರಿಜಿಸ್ಟ್ರೇಷನ್ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. ಹೊಸಬರಿಗೆ ಆ ಬಿಲ್ ನೋಡಿದಾಗಲೇ ಗೊತ್ತಾಗುವುದು.

ಫ್ರಿಸ್ಕೋದಲ್ಲಿ ಆದಾಯ ತೆರಿಗೆ ಸೊನ್ನೆ. ಪ್ರಾಪರ್ಟಿ ಟ್ಯಾಕ್ಸ್ ಎಲ್ಲ ಸೇರಿ 1.7% ಹತ್ತಿರ. ನೀವೇ ವಾಸವಿರುವ ಮನೆಯಾದರೆ ಶಾಲಾ ತೆರಿಗೆಯ ಲೆಕ್ಕಕ್ಕೆ ಮನೆ ಬೆಲೆಯಲ್ಲಿ 1.4 ಲಕ್ಷ ಡಾಲರ್ ಬಿಡುತ್ತಾರೆ. ಕೊನೆಗೆ 8,500 ಆಸುಪಾಸು ಬರುತ್ತದೆ. ಆದರೆ ಅದೇ ದುಡ್ಡಿಗೆ ದೊಡ್ಡ ಹೊಸ ಮನೆ ಅಂತ ಇನ್ನೂ ಉತ್ತರಕ್ಕೆ ಹೋದರೆ 'ಮಡ್' ಅನ್ನುವುದು ಬರಬಹುದು. ಹೊಸ ಬಡಾವಣೆಗೆ ನೀರು, ಚರಂಡಿ, ರಸ್ತೆ ಹಾಕಲು ಮಾಡಿದ ಸಾಲವನ್ನು ಅಲ್ಲಿ ಮನೆ ಕೊಂಡವರಿಂದಲೇ ತೀರಿಸಿಕೊಳ್ಳುವ ಏರ್ಪಾಡು ಅದು. ಅದು ಸೇರಿದರೆ ದರ 2.5% ಮುಟ್ಟುವುದೂ ಇದೆ. ಆಗ ಬಿಲ್ 13,000 ಕಡೆಗೆ.

ಅಂದರೆ ಈ ಸಂಬಳಕ್ಕೆ ಎರಡೂ ಊರು ಹೆಚ್ಚುಕಡಿಮೆ ಒಂದೇ. ಸಂಬಳ 3 ಲಕ್ಷವಾದರೆ ಡಲ್ಲಾಸ್ ಗೆಲ್ಲುತ್ತದೆ. ನಾರ್ತ್ ಕ್ಯಾರೊಲೈನಾದ ಆದಾಯ ತೆರಿಗೆ ಆಗ 11,000ಕ್ಕೆ ಏರುತ್ತದೆ, ಟೆಕ್ಸಸ್ಸಿನ ಬಿಲ್ ಅಷ್ಟೇ ಇರುತ್ತದೆ. ಕೆಲಸ ಹೋದರೆ ಅಥವಾ ರಿಟೈರ್ ಆದರೆ ಲೆಕ್ಕ ಉಲ್ಟಾ. ಆದಾಯ ನಿಂತರೆ ಆದಾಯ ತೆರಿಗೆಯೂ ನಿಲ್ಲುತ್ತದೆ, ಮನೆ ತೆರಿಗೆ ನಿಲ್ಲುವುದಿಲ್ಲ. ವೀಸಾ ಮೇಲಿರುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಟೆಕ್ಸಸ್‌ನಲ್ಲಿ ಮನೆಯ ಬೆಲೆಯನ್ನು ಸಾಮಾನ್ಯವಾಗಿ ವರ್ಷ ವರ್ಷ ಮತ್ತೆ ಕಟ್ಟುತ್ತಾರೆ. ಏಪ್ರಿಲ್ ಹೊತ್ತಿಗೆ ನೋಟಿಸ್ ಬರುತ್ತದೆ. ಆಮೇಲೆ, ಬೆಲೆ ಇಳಿಸಿ ಅಂತ ತಕರಾರು ಹಾಕಬಹುದಾದ ಮೇ 15ರವರೆಗೆ ಅಲ್ಲಿನ ನಮ್ಮವರಿಗೆ ಬೇರೆ ಮಾತಿಲ್ಲ. 'ಪ್ರೊಟೆಸ್ಟ್ ಮಾಡಿದ್ರಾ? ಎಷ್ಟು ಇಳಿಸಿದ್ರು?' ಪಕ್ಕದ ಬೀದಿಯ ಮನೆ ಎಷ್ಟಕ್ಕೆ ಹೋಯಿತು, ನಮ್ಮ ಮನೆಯ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲದರ ಫೋಟೋ ಹಾಕಿ ಅರ್ಜಿ ಕೊಡುತ್ತಾರೆ. ವರ್ಷವಿಡೀ 'ನಮ್ಮ ಮನೆ ಬೆಲೆ ಏರಿತು' ಅಂತ ಹೇಳಿಕೊಂಡವರೇ ಆ ಒಂದು ತಿಂಗಳು 'ಅಯ್ಯೋ, ಈ ಮನೆಗೆ ಅಷ್ಟೆಲ್ಲ ಬೆಲೆ ಇಲ್ಲ ಸ್ವಾಮಿ' ಅಂತ ವಾದ ಮಾಡುತ್ತಾರೆ.

ಗೋಡೆಯ ಬಿರುಕು ಅಂದೆನಲ್ಲ, ಅದು ತಮಾಷೆಯಲ್ಲ. ಉತ್ತರ ಟೆಕ್ಸಸ್ಸಿನ ಬಹುಪಾಲು ನೆಲ ನಮ್ಮ ಗದಗ, ಧಾರವಾಡದ ಎರೆಹೊಲ ಇದ್ದ ಹಾಗೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆಯ ಅಡಿಪಾಯವೂ ಜೊತೆಗೆ ಅಲುಗಾಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಮನೆ ಸುತ್ತ ತೂತಿನ ಪೈಪ್ ಹಾಕಿ ಬುನಾದಿಗೆ ನೀರು ಬಿಡುತ್ತಾರೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ ಆ ಮನೆ ಕೊಳ್ಳುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಮನೆ ತಪಾಸಣೆಯವರ ವರದಿ ಒಂದೇ ಸಾಲದು.

ಮೇಲಿನಿಂದ ಆಲಿಕಲ್ಲು. ವಸಂತದಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳುವುದು ಅಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ಮನೆ ವಿಮೆ ದುಬಾರಿ. ಗಾಳಿ ಮತ್ತು ಆಲಿಕಲ್ಲಿನ ನಷ್ಟದಲ್ಲಿ ನೀವೇ ಹಾಕಿಕೊಳ್ಳಬೇಕಾದ ಮೊದಲ ಪಾಲು ಬೇರೆ, ಮನೆಗೆ ವಿಮೆ ಮಾಡಿಸಿದ ಮೊತ್ತದ 1% ಅಥವಾ 2% ಅಂತ ಬರೆದಿರುತ್ತದೆ. 6 ಲಕ್ಷಕ್ಕೆ ವಿಮೆ ಮಾಡಿಸಿದ ಮನೆಗೆ 2% ಅಂದರೆ ಮೊದಲ 12,000 ಡಾಲರ್ ನಿಮ್ಮ ಜೇಬಿನಿಂದಲೇ. ತೆರಿಗೆಯಲ್ಲಿ ಉಳಿದದ್ದು ಇಲ್ಲಿ ಹೋಯಿತು, ಅಲ್ವಾ? 2021ರ ಫೆಬ್ರವರಿಯ ಚಳಿಗೆ ಟೆಕ್ಸಸ್ಸಿನ ವಿದ್ಯುತ್ ಜಾಲವೇ ಕೈಕೊಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನೂ ಅಲ್ಲಿನವರು ಮರೆತಿಲ್ಲ.

ಕ್ಯಾರಿಯಲ್ಲಿ ಈ ಕಾಟ ಕಡಿಮೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಪೈನ್ ಮರಗಳ ಪರಾಗ ಊರಿಗೆಲ್ಲ ಅರಿಶಿನ ಬಳಿಯುತ್ತದೆ. ಕಾರು ಯಾವ ಬಣ್ಣದ್ದು ಅಂತಲೇ ಗೊತ್ತಾಗುವುದಿಲ್ಲ. ಅಲರ್ಜಿ, ಉಬ್ಬಸ ಇರುವ ಮಕ್ಕಳಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜುಲೈ ಸೆಕೆ ಮಂಗಳೂರನ್ನು ನೆನಪಿಸುತ್ತದೆ. ಚಳಿಗಾಲ ಸಣ್ಣದು. ಒಂದು ಇಂಚು ಹಿಮ ಬಿದ್ದರೆ ಶಾಲೆಗೆ ರಜೆ.

ಈಗ ಮುಂದಿನ ಕೆಲಸದ ಮಾತು. ಇಲ್ಲಿ ಡಲ್ಲಾಸ್ ಸ್ಪಷ್ಟವಾಗಿ ಮುಂದೆ. ಬ್ಯಾಂಕು, ಟೆಲಿಕಾಂ, ವಿಮೆ, ಷೇರು ದಲ್ಲಾಳಿ ಕಂಪನಿ, ವಿಮಾನ ಕಂಪನಿ, 2017ರಲ್ಲಿ ಪ್ಲೇನೋಗೆ ಬಂದ ಟೊಯೋಟಾ, ಹೀಗೆ ಬಗೆಬಗೆಯ ಕೆಲಸ. ಒಂದು ಕ್ಷೇತ್ರ ಮಲಗಿದರೆ ಇನ್ನೊಂದು ಎದ್ದಿರುತ್ತದೆ. ಕ್ಯಾರಿಯ ಕಡೆ ಸ್ಯಾಸ್, ಸಿಸ್ಕೋ, ಐಬಿಎಂ, ರೆಡ್ ಹ್ಯಾಟ್, ಲೆನೊವೊ ಇವೆ. ಔಷಧ ಕಂಪನಿಗಳು ಬಹಳ. ಬಯೋಟೆಕ್ ಓದಿದವರಿಗೆ ಇದು ಡಲ್ಲಾಸಿಗಿಂತ ಒಳ್ಳೆಯ ಊರು. ಐಟಿಯವರಿಗೆ ಕೆರೆ ಸಣ್ಣದು. 2021ರಲ್ಲಿ ಆ್ಯಪಲ್ ಇಲ್ಲಿ ನೂರು ಕೋಟಿ ಡಾಲರ್ ಹಾಕಿ 3,000 ಜನರ ಕ್ಯಾಂಪಸ್ ಕಟ್ಟುತ್ತೇವೆ ಅಂತ ಘೋಷಿಸಿತು. ಮನೆ ಬೆಲೆ ತಕ್ಷಣ ಅದರ ಹೆಸರು ಹೇಳಿಕೊಂಡು ಕುಣಿಯಿತು. ಕ್ಯಾಂಪಸ್ ಕಟ್ಟುವುದನ್ನು ಮಾತ್ರ ಮುಂದೂಡುತ್ತಲೇ ಇದ್ದಾರೆ. ಯಾವ ಕಂಪನಿಯ ಘೋಷಣೆ ನಂಬಿಯೂ ಮನೆ ಕೊಳ್ಳಬೇಡಿ.

ನಾನು ಕ್ಯಾರಿಯಲ್ಲಿದ್ದೂ ಹೇಳುತ್ತೇನೆ: ಎಚ್-1ಬಿ ಮೇಲಿರುವ ಐಟಿ ಕುಟುಂಬಕ್ಕೆ ಡಲ್ಲಾಸೇ ಮೇಲು, ಆದರೆ ಹಳೆಯ ಬಡಾವಣೆಯಲ್ಲಿ, ಮಡ್ ಇಲ್ಲದ ಕಡೆ. ಗ್ರೀನ್ ಕಾರ್ಡ್ ಇದ್ದು, ಸಂಬಳ ಮಧ್ಯಮವಾಗಿದ್ದು, ಸ್ವಲ್ಪ ಮರಗಿಡ ಬೇಕು ಅನ್ನುವವರಿಗೆ ಕ್ಯಾರಿ. ಕ್ರಿಕೆಟ್ ಹುಚ್ಚಿನವರಿಗೆ ಎರಡೂ ಸೈ. ಡಲ್ಲಾಸಿನ ಗ್ರ್ಯಾಂಡ್ ಪ್ರೇರಿ ಮೈದಾನದಲ್ಲೇ 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದ್ದು. ಮಾರಿಸ್‌ವಿಲ್ಲಿನ ಚರ್ಚ್ ಸ್ಟ್ರೀಟ್ ಪಾರ್ಕಿನಲ್ಲಿ ಮೇಜರ್ ಲೀಗ್ ಪಂದ್ಯಗಳು ನಡೆದಿವೆ.

ನ್ಯೂಜೆರ್ಸಿ: ತೆರಿಗೆಗೆ ಬೈಯುತ್ತಾ ಇದ್ದುಬಿಡುವ ಊರು

ಪ್ರಾಪರ್ಟಿ ಟ್ಯಾಕ್ಸಿನಲ್ಲಿ ನ್ಯೂಜೆರ್ಸಿ ದೇಶಕ್ಕೇ ಮೊದಲು. 2024ರಲ್ಲಿ ಸರಾಸರಿ ಬಿಲ್ಲೇ 10,000 ಡಾಲರ್ ದಾಟಿತು. ಆದಾಯ ತೆರಿಗೆ ಇದರ ಮೇಲೆ. ನ್ಯೂಯಾರ್ಕ್ ಕಂಪನಿಗೆ ನಿಮ್ಮ ಅನುಕೂಲಕ್ಕೆ ಮನೆಯಿಂದಲೇ ಕೆಲಸ ಮಾಡಿದರೂ ನ್ಯೂಯಾರ್ಕ್ ರಾಜ್ಯ ತನ್ನ ತೆರಿಗೆ ಕೇಳುತ್ತದೆ. ನ್ಯೂಜೆರ್ಸಿ ಅದಕ್ಕೆ ವಿನಾಯಿತಿ ಕೊಡುವುದರಿಂದ ಎರಡು ಸಲ ಕಟ್ಟಬೇಕಾಗಿಲ್ಲ, ದೊಡ್ಡದು ಯಾವುದೋ ಅಷ್ಟು ಹೋಗುತ್ತದೆ. ತಗ್ಗಿನಲ್ಲಿರುವ ಮನೆಯ ಬೇಸ್‌ಮೆಂಟಿಗೆ ನೀರು ನುಗ್ಗುವುದು ಮಾಮೂಲು. 2021ರ ಐಡಾ ಚಂಡಮಾರುತದಲ್ಲಿ ಅದು ಚೆನ್ನಾಗಿ ಗೊತ್ತಾಯಿತು.

ಆದರೂ ಜನ ಬಿಟ್ಟು ಹೋಗುವುದಿಲ್ಲ. ಯಾಕೆ ಅಂದರೆ ಅದು ಅಮೆರಿಕದಲ್ಲಿ ಕಾರಿಲ್ಲದೆ ಬದುಕಬಹುದಾದ ಕೆಲವೇ ಭಾರತೀಯ ಪೇಟೆಗಳಲ್ಲಿ ಒಂದು. ಎಡಿಸನ್-ಐಸೆಲಿನ್ ನಡುವಿನ ಓಕ್ ಟ್ರೀ ರೋಡಿನಲ್ಲಿ ಚಿನ್ನದ ಅಂಗಡಿ, ದರ್ಜಿ, ಪಾನ್, ತರಕಾರಿ ಎಲ್ಲ ಒಂದೇ ಸಾಲು. ಎಡಿಸನ್ನಿನಲ್ಲೇ ಪುತ್ತಿಗೆ ಮಠದ ಕೃಷ್ಣ ವೃಂದಾವನ ಇದೆ. ಬ್ರಿಡ್ಜ್‌ವಾಟರಿನಲ್ಲಿ ವೆಂಕಟೇಶ್ವರ. ಮೆಟ್ರೋಪಾರ್ಕಿನಲ್ಲಿ ರೈಲು ಹತ್ತಿದರೆ ನೇರ ನ್ಯೂಯಾರ್ಕ್.

ನಾವು ಎಡಿಸನ್ನಿನಲ್ಲಿದ್ದಾಗ ನಮ್ಮಪ್ಪ ಬೆಳಿಗ್ಗೆ ಒಬ್ಬರೇ ನಡೆದು ಹೋಗಿ ಕೊತ್ತಂಬರಿ ಸೊಪ್ಪು ತರುತ್ತಿದ್ದರು. ಡೈಮ್, ನಿಕಲ್ ಎಲ್ಲ ಕಲಿತು ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ಅಂಗಡಿಯ ಗುಜರಾತಿ ಅಜ್ಜನ ಜೊತೆ ಹರಕು ಹಿಂದಿಯಲ್ಲಿ ಅರ್ಧ ಗಂಟೆ ಹರಟೆ. ಕ್ಯಾರಿಗೆ ಬಂದಾಗ ಸೊಪ್ಪಿನ ಅಂಗಡಿ ಎರಡು ಮೈಲಿ ದೂರ, ನಡುವೆ ಆರು ಲೇನಿನ ರಸ್ತೆ. ನಾನು ಆಫೀಸಿನ ಮೀಟಿಂಗ್ ಮುಗಿಸುವವರೆಗೆ ಚಪ್ಪಲಿ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿರುತ್ತಿದ್ದರು. ಕೆಲವೇ ವಾರಕ್ಕೆ, 'ಟಿಕೆಟ್ ಸ್ವಲ್ಪ ಮುಂಚೆ ಮಾಡಿಸೋಕಾಗುತ್ತೇನೋ?' ಅಂದರು. ಫ್ರಿಸ್ಕೋ ಆಗಲಿ, ಬೇರೆ ಯಾವ ಹೊಸ ಬಡಾವಣೆಯಾಗಲಿ, ಇದೇ ಕಥೆ. ಅಪ್ಪ ಅಮ್ಮ ವರ್ಷದಲ್ಲಿ ಆರು ತಿಂಗಳು ಬಂದಿರುತ್ತಾರೆ ಅಂದರೆ, ಮನೆಯಿಂದ ನಡೆದು ಹೋಗಲು ಒಂದು ಅಂಗಡಿ, ಒಂದು ಲೈಬ್ರರಿ, ಒಂದು ದೇವಸ್ಥಾನ, ಇವುಗಳಲ್ಲಿ ಒಂದಾದರೂ ಇದೆಯಾ ನೋಡಿ. ಹಾಗೇ ನ್ಯೂಜೆರ್ಸಿಗೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅವರನ್ನು ಕರೆಸಬೇಡಿ. ಹಿಮದಲ್ಲಿ ಓಕ್ ಟ್ರೀ ರೋಡೂ ಕೆಲಸಕ್ಕೆ ಬರುವುದಿಲ್ಲ.

ವಿಮಾನದ ದಾರಿಯನ್ನೂ ಈಗಲೇ ನೋಡಿಕೊಳ್ಳಿ. ನ್ಯೂಯಾರ್ಕ್, ನೆವಾರ್ಕ್ ಕಡೆಯಿಂದ ದೆಹಲಿ, ಮುಂಬೈಗೆ ನೇರ ವಿಮಾನ ಸಿಗುತ್ತದೆ. ಕೇಳಲು ಚೆಂದ. ಆದರೆ ಬೆಂಗಳೂರಿಗೆ ಹೋಗುವವರು ಸಾಮಾನ್ಯವಾಗಿ ಅಲ್ಲಿ ಇಳಿದು, ಪೆಟ್ಟಿಗೆ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಚೆಕ್-ಇನ್ ಮಾಡಬೇಕು. ಒಬ್ಬರೇ ಹೋಗುವ ಎಪ್ಪತ್ತರ ಅಮ್ಮನಿಗೆ ಇದೇ ದೊಡ್ಡ ಪರೀಕ್ಷೆ. ದುಬೈ, ದೋಹಾ ಅಥವಾ ಲಂಡನ್, ಫ್ರಾಂಕ್‌ಫರ್ಟ್ ಮೂಲಕ ಒಂದೇ ಟಿಕೆಟಿನಲ್ಲಿ ಹೋದರೆ ಪೆಟ್ಟಿಗೆ ನೇರ ಬೆಂಗಳೂರಿನಲ್ಲಿ ಸಿಗುತ್ತದೆ. ಡಲ್ಲಾಸಿನಿಂದ ಕೊಲ್ಲಿ ದೇಶಗಳಿಗೆ ನೇರ ವಿಮಾನಗಳಿವೆ. ಕ್ಯಾರಿಯ ಪಕ್ಕದ ರಾಲೀ-ಡರ್ಹ್ಯಾಮ್‌ನಿಂದ ಕೊಲ್ಲಿಗೆ ಇಲ್ಲ, ಯುರೋಪಿಗೆ ಕೆಲವು ಇವೆ. ವೀಸಾ ಸ್ಟಾಂಪ್ ಮುಗಿದವರು ಯುರೋಪಿನ ದಾರಿ ಹಿಡಿಯುವ ಮುಂಚೆ ಆ ದೇಶದ ಟ್ರಾನ್ಸಿಟ್ ವೀಸಾ ನಿಯಮ ನೋಡಿಕೊಳ್ಳಿ. ಏರ್‌ಪೋರ್ಟಿನಿಂದ ವಾಪಸ್ ಬಂದವರಿದ್ದಾರೆ.

ಉಳಿದವು, ಬೇಗ ಬೇಗ

ಅಟ್ಲಾಂಟಾದ ಆಲ್ಫರೆಟಾ, ಕಮಿಂಗ್ ಕಡೆ ಮನೆ ಇನ್ನೂ ಕೈಗೆಟಕುತ್ತದೆ, ಕೆಲಸ ಬಗೆಬಗೆಯದು ಇದೆ. ಟ್ರಾಫಿಕ್ ಮಾತ್ರ ಸಿಲ್ಕ್ ಬೋರ್ಡ್. ಜಾರ್ಜಿಯಾದ ಹೋಪ್ ವಿದ್ಯಾರ್ಥಿವೇತನ ಒಳ್ಳೆಯದು, ಆದರೆ ಎಚ್-4ರ ಮೇಲೆ, ಅಂದರೆ ಎಚ್-1ಬಿಯವರ ಅವಲಂಬಿತರ ವೀಸಾ ಮೇಲೆ ಇರುವ ಮಕ್ಕಳಿಗೆ ಸಿಗುವುದಿಲ್ಲ. ಶಿಕಾಗೋದ ನೇಪರ್‌ವಿಲ್ ಶಾಲೆಗಳಿಗೆ ಹೆಸರುವಾಸಿ. ಆದಾಯ ತೆರಿಗೆ 4.95%, ಮನೆ ತೆರಿಗೆ ಅನೇಕ ಕಡೆ 2%, ಮತ್ತು 2019ರ ಜನವರಿಯಲ್ಲಿ ಅಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್. ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ರಾಯಚೂರು, ಕಲಬುರಗಿಯವರು ಬೇಕಾದರೆ ಯೋಚಿಸಲಿ.

ಕನ್ನಡದ ಚಿಂತೆ ಬೇಡ. ಎಲ್ಲಿ ಹೋದರೂ ಒಂದು ಕೂಟ ಇದೆ, ಹೆಸರು ಮಾತ್ರ ಬೇರೆ. ನ್ಯೂಜೆರ್ಸಿಗೆ ಬೃಂದಾವನ, ಅಟ್ಲಾಂಟಾಕ್ಕೆ ನೃಪತುಂಗ, ಸಿಯಾಟಲ್‌ಗೆ ಸಹ್ಯಾದ್ರಿ, ಶಿಕಾಗೋಗೆ ವಿದ್ಯಾರಣ್ಯ, ಡಲ್ಲಾಸಿಗೆ ಮಲ್ಲಿಗೆ. ಹೂವು, ಬೆಟ್ಟ, ಅರಸರು ಎಲ್ಲ ಖರ್ಚಾಗಿದ್ದಾರೆ. ಮಕ್ಕಳಿಗೆ ವಾರಾಂತ್ಯದ ಕನ್ನಡ ತರಗತಿ ನಿಮ್ಮ ಮನೆಗೆ ಎಷ್ಟು ದೂರ ಅಂತ ಮಾತ್ರ ನೋಡಿ. ನಲವತ್ತು ನಿಮಿಷ ಡ್ರೈವ್ ಇದ್ದರೆ ಎರಡನೇ ತಿಂಗಳಿಗೆ ನಿಲ್ಲಿಸುತ್ತೀರಿ.

ಶಾಲೆಯ ರೇಟಿಂಗ್ ನಂಬಿ ಮನೆ ಕೊಳ್ಳುವವರಿಗೆ

ಹತ್ತಕ್ಕೆ ಹತ್ತು ಬಂದ ಶಾಲೆಯ ಪಕ್ಕದ ಮನೆಗೆ ನಾವು ಕಣ್ಣುಮುಚ್ಚಿ ಲಕ್ಷ ಡಾಲರ್ ಜಾಸ್ತಿ ಕೊಡುತ್ತೇವೆ. ಟೆಕ್ಸಸ್‌ನಲ್ಲಿ ಇದು ತಿರುಗಿಬೀಳಬಹುದು. ಅಲ್ಲಿನ ಕಾನೂನಿನ ಪ್ರಕಾರ ತಮ್ಮ ಶಾಲೆಯಲ್ಲಿ ಮೊದಲ 10%ರೊಳಗೆ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಎಲ್ಲರೂ ಬಯಸುವ ಆಸ್ಟಿನ್ ವಿಶ್ವವಿದ್ಯಾಲಯ ಮಾತ್ರ ಅದನ್ನು 6%ಕ್ಕೆ, 2026ರಿಂದ 5%ಕ್ಕೆ ಇಳಿಸಿದೆ. ಫ್ರಿಸ್ಕೋ, ಕಪೆಲ್‌ನಂಥ ಕಡೆ ತರಗತಿಯ ಅರ್ಧ ಮಕ್ಕಳು ಓದಿನ ಹುಲಿಗಳು. ಅಲ್ಲಿ ಮೊದಲ 5%ರೊಳಗೆ ಬರುವುದು ಅಂದರೆ ಹುಡುಗಾಟವೇ? ಅದೇ ಮಗು ಎಂಟು ಅಂಕದ ಶಾಲೆಯಲ್ಲಿದ್ದಿದ್ದರೆ ಸುಲಭವಾಗಿ ಒಳಗೆ ಬರುತ್ತಿತ್ತು.

ಕ್ಯಾರಿ ಇರುವ ವೇಕ್ ಕೌಂಟಿಯಲ್ಲಿ ಬೇರೆ ಬಗೆಯ ತೊಂದರೆ. ಶಾಲೆ ತುಂಬಿದರೆ ಬಾಗಿಲು ಹಾಕುತ್ತಾರೆ. ಮನೆ ಎದುರಿನ ಶಾಲೆಯಲ್ಲಿ ಜಾಗ ಇಲ್ಲದೆ ಮಗು ಬಸ್ಸಿನಲ್ಲಿ ದೂರದ ಶಾಲೆಗೆ ಹೋಗುವುದುಂಟು. ಗಡಿಗಳೂ ಬದಲಾಗುತ್ತಿರುತ್ತವೆ. ಕೆಲವು ಶಾಲೆಗಳು ವರ್ಷವಿಡೀ ನಡೆಯುತ್ತವೆ, ಬೇಸಿಗೆಯ ಉದ್ದ ರಜೆ ಇಲ್ಲ. ಜೂನ್, ಜುಲೈನಲ್ಲಿ ಊರಿಗೆ ಹೋಗುವ ಯೋಚನೆ ಇದ್ದರೆ ಇದನ್ನು ಮೊದಲೇ ಕೇಳಿ. ಮನೆ ಮಾರುವ ಏಜೆಂಟ್ ಮಾತು ಬೇಡ. ಶಾಲಾ ಜಿಲ್ಲೆಯ ವೆಬ್‌ಸೈಟಿನಲ್ಲಿ ಆ ಮನೆಯ ವಿಳಾಸ ಹಾಕಿ ನೀವೇ ನೋಡಿ.

ಹೋಗಿ ನೋಡುವಾಗ

ಊರು ನೋಡಲು ಅದರ ಕೆಟ್ಟ ತಿಂಗಳಲ್ಲಿ ಹೋಗಿ. ಡಲ್ಲಾಸಿಗೆ ಆಗಸ್ಟ್, ಸಿಯಾಟಲ್‌ಗೆ ಡಿಸೆಂಬರ್, ನ್ಯೂಜೆರ್ಸಿಗೆ ಫೆಬ್ರವರಿ, ಕ್ಯಾರಿಗೆ ಏಪ್ರಿಲ್ ಮೊದಲ ವಾರ. ಶನಿವಾರ ಸ್ನೇಹಿತರ ಮನೆಯಲ್ಲಿ ಬಿಸಿಬೇಳೆಬಾತ್ ತಿಂದು ಭಾನುವಾರ ವಾಪಸ್ ಬಂದರೆ ಏನೂ ಗೊತ್ತಾಗುವುದಿಲ್ಲ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ನಿಮ್ಮ ಆಫೀಸಿಗಲ್ಲ, ನಾಳೆ ಕೆಲಸ ಸಿಗಬಹುದಾದ ಬೇರೆ ಎರಡು ಆಫೀಸುಗಳಿಗೆ ಕಾರು ಓಡಿಸಿ ನೋಡಿ.

ಮನೆ ಮೆಚ್ಚಿದರೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾದ ಪ್ರವಾಹ ನಕ್ಷೆಯಲ್ಲಿ ವಿಳಾಸ ಹಾಕಿ. ನಕ್ಷೆಯಲ್ಲಿ ಅಪಾಯ ಇಲ್ಲ ಅಂದ ಮಾತ್ರಕ್ಕೆ ನಂಬಬೇಡಿ. 2017ರ ಹಾರ್ವೀ ಚಂಡಮಾರುತದಲ್ಲಿ ಹ್ಯೂಸ್ಟನ್ನಿನಲ್ಲಿ ಮುಳುಗಿದ ಬಹಳಷ್ಟು ಮನೆಗಳು ಆ ಗೆರೆಯ ಹೊರಗಿದ್ದವು. ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ. ಆಫರ್ ಕೊಡುವ ಮುಂಚೆಯೇ ಎರಡು ಕಡೆ ವಿಮೆಯ ದರ ಕೇಳಿ.

ಮಗು ಒಂಬತ್ತನೇ ತರಗತಿ ದಾಟಿದ್ದರೆ, ಆಗಲೇಬೇಕು ಅನ್ನುವಂಥ ಕಾರಣ ಇಲ್ಲದೆ ರಾಜ್ಯ ಬದಲಿಸಬೇಡಿ. ಅಂಕಗಳ ಲೆಕ್ಕ, ರ್‍ಯಾಂಕ್, ಕಾಲೇಜಿನ ಸ್ಥಳೀಯ ಶುಲ್ಕದ ನಿಯಮ ಎಲ್ಲ ಅಲುಗಾಡುತ್ತವೆ. ಎಚ್-4 ಮಕ್ಕಳ ಶುಲ್ಕದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಗುವಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ ಅನ್ನುವುದೂ ತಲೆಯಲ್ಲಿರಲಿ.

ಯಾವ ಊರಾದರೂ ಮೊದಲ ವರ್ಷ ಬಾಡಿಗೆಗಿರಿ. ಸಹಿ ಹಾಕುವ ಮುಂಚೆ ಕರಾರಿನಲ್ಲಿ ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವ ಭಾಗ ಹುಡುಕಿ. 60 ದಿನದ ನೋಟಿಸ್, ಎರಡು ತಿಂಗಳ ಬಾಡಿಗೆ ಅಂತ ಬರೆದಿದ್ದರೆ ಪರವಾಗಿಲ್ಲ. ಅವಧಿ ಮುಗಿಯುವವರೆಗಿನ ಪೂರ್ತಿ ಬಾಡಿಗೆ ಅಂತಿದ್ದರೆ ಆ ಸಾಲು ಬದಲಿಸಲು ಕೇಳಿ, ಆಗಲ್ಲ ಅಂದರೆ ಪಕ್ಕದ ಅಪಾರ್ಟ್‌ಮೆಂಟ್ ನೋಡಿ.